ತೊಟ್ಟಿಮನೆ ಗೋಡೆಗೆ ನನ್ನ ಸುತ್ತಿಗೆ

ಸ್ನೇಹಿತರೇ, ಜಿಲ್ಲೆಯ ಎಂಜಿನಿಯರುಗಳೆಲ್ಲ ನನಗೆ ಫೋನ್ ಮಾಡಿ ಕೇಳಿಯೇ ನಕ್ಷೆ ಬರೆಯುವುದು. ಇವತ್ತು ಸಾಲಿಗ್ರಾಮದ ನಮ್ಮ ಮುತ್ತಾತನ ತೊಟ್ಟಿಮನೆಗೆ ಹೊಸ ಆರ್‌ಸಿಸಿ ಅಡುಗೆಮನೆ ಸೇರಿಸಲು ಹಳೆಯ ಮಣ್ಣುಗೋಡೆಯಲ್ಲಿ ಬಾಗಿಲು ಒಡೆಯಬೇಕಿತ್ತು.

ಮೇಸ್ತ್ರಿ ರಫೀಕ್ ಸಾಬರು ತಡೆದರು. "ತೊಲೆ ಈ ಗ್ವಾಡೆ ಮ್ಯಾಲೇ ಕುಂತದೆ ಗೌಡ್ರೇ, ಮೊದ್ಲು ಕಂಬ ನಿಲ್ಸಾನ."

"ನಂಗೇ ಏಳ್ಕೊಡ್ತೀರಾ ಸಾಬ್ರೇ?" ಎಂದು ಸುತ್ತಿಗೆ ಎತ್ತಿದೆ. ಆರನೇ ಏಟಿಗೆ ತೊಲೆ ಲಟಕ್ಕೆಂದು ಬಾಗಿತು. ಅದರ ಕೆಳಗೇ ನಮ್ಮವ್ವ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವನ್ನ ಎಳ್ಕೊಳ್ರೀ!" ಎಂದು ಕೂಗುತ್ತಲೇ ಸಾಬರು ಸೆಂಟ್ರಿಂಗ್ ಕಂಬವನ್ನು ತೊಲೆಗೆ ಆನಿಸಿದರು. ನಾನು ಅವ್ವನನ್ನು ಅಂಗಳಕ್ಕೆ ಎಳೆದ ಮರುಕ್ಷಣ ಅವಳು ಕೂತಿದ್ದ ಜಾಗಕ್ಕೆ ಹೆಂಚುಗಳು ಸುರಿದವು.

ಅವ್ವ ಸೆರಗು ಕೊಡವಿ ಹೇಳಿದಳು: "ನಿಮ್ಮಪ್ಪನೂವೆ ಇಂಗೇ ಕಣ್ಲಾ, ಮೇಸ್ತ್ರಿ ಮಾತ್ ಕೇಳ್ತಿರ್ನಿಲ್ಲ."

ಹೆಂಡತಿಗೆ ಐದು ಸಾವಿರದ ರಿಪೇರಿ ಎಂದಿದ್ದೇನೆ. ಅವಳು ಫೇಸ್‌ಬುಕ್ ನೋಡುವುದಿಲ್ಲ, ಅದಕ್ಕೇ ನಿಮಗೆ ನಿಜ ಹೇಳುತ್ತೇನೆ: ತೊಲೆ, ಹೆಂಚು, ಕೂಲಿ ಸೇರಿ ಅರವತ್ತೆರಡು ಸಾವಿರ.