ಉಡುದಾರದ ಅಳತೆ

ಸೊಂಟಕ್ಕೆ ಕಟ್ಟಿದ ಕರಿಯ ಉಡುದಾರವನ್ನು ಯಾರೂ ದಿನಾಲು ಗಮನಿಸುವುದಿಲ್ಲ, ಗೆಳೆಯರೇ. ಒಂದೇ ವರ್ಷದಲ್ಲಿ ಅದು ಎರಡು ಸಲ ಮಾಂಸದೊಳಗೆ ಹೂತುಹೋಗಿ, ಗಂಟನ್ನು ಸಡಿಲಿಸಿ ಕಟ್ಟಿಕೊಳ್ಳಬೇಕಾಗಿ ಬರುವವರೆಗೆ ನಾನೂ ಗಮನಿಸಿರಲಿಲ್ಲ. ಮುಖ ಸೊರಗುತ್ತಿತ್ತು, ತೋಳುಗಳು ಬಡವಾಗುತ್ತಿದ್ದವು, ಹೊಟ್ಟೆಯೊಂದೇ ಬೆಳೆಯುತ್ತಿತ್ತು. ನಮ್ಮೂರು ದರಿಬಡಚಿಯ ಕಟ್ಟೆಯ ಮೇಲೆ ನನ್ನ ಓರಗೆಯವರು, "ಮುದಕಗ ಉಂಡದ್ದು ಮೈಗೆ ಹತ್ತೈತಿ" ಎಂದು ನಕ್ಕರು. ಜತ್ತದ ಔಷಧದಂಗಡಿಯವನು ಗ್ಯಾಸೆಂದು ಗುಳಿಗೆ ಕೊಟ್ಟ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು, ಕೈಗೆ ಸಿಕ್ಕ ಮರಾಠಿ, ಕನ್ನಡ ಪುಸ್ತಕಗಳನ್ನೆಲ್ಲ ಒಬ್ಬನೇ ತಿಣುಕಿ ಓದಿದ ನನಗೆ ಪರರ ಮಾತನ್ನು ಇಡಿಯಾಗಿ ನುಂಗುವ ಅಭ್ಯಾಸವಿಲ್ಲ. ದಾರಕ್ಕೆ ನನ್ನನ್ನು ಸಮಾಧಾನಪಡಿಸುವ ಹಂಗಿಲ್ಲವೆಂದು ಅದನ್ನೇ ನಂಬಿ ಮಿರಜಿನ ಆಸ್ಪತ್ರೆಯೊಂದಕ್ಕೆ ಹೋದೆ.

ಸ್ಕ್ಯಾನಿನ ಚಿತ್ರದಲ್ಲಿ ಕರುಳುಗಳ ಹಿಂದೆ, ಮೂತ್ರಪಿಂಡವನ್ನು ಪಕ್ಕಕ್ಕೆ ತಳ್ಳಿ, ದೊಡ್ಡ ಗಡ್ಡೆಯೊಂದು ಕುಳಿತಿತ್ತು.

"ಸಾದಾ ಕೊಬ್ಬಿನ ಗಡ್ಡಿ ಇದ್ದಂಗ ಕಾಣತೈತ್ರಿ, ಅಜ್ಜಾರ. ಈ ಜಾಗಾದಾಗ ಭಾಳ ಅಪರೂಪ" ಎಂದರು ಶಸ್ತ್ರವೈದ್ಯರು.

"ಸಾದಾ ಇದ್ದರ ಕೊಯ್ಯೂದ್ಯಾಕ್ರಿ?"

"ಮೂತ್ರದ ನಾಳ ಒತ್ತಾಕತ್ತೈತಿ. ಕ್ಯಾನ್ಸರಿನ ಗಡ್ಡಿನೂ ಒಮ್ಮೊಮ್ಮೆ ಹಿಂಗ ಕಾಣತೈತ್ರಿ. ಸೂಜಿಲೆ ಒಂದು ಚೂರು ತಗದು ನೋಡಿದ್ರ ಪೂರಾ ತಿಳಿಯಂಗಿಲ್ಲ. ಇಡೀ ಗಡ್ಡಿ ತಗದು ತಪಾಸ ಮಾಡೂತನಕ ನಾನೂ ಖಾತ್ರಿ ಹೇಳಂಗಿಲ್ರಿ."

ತನಗೆ ತಿಳಿಯದೆಂದು ಒಪ್ಪಿಕೊಂಡ ಆ ಒಂದು ಮಾತಿಗೆ ಸೋತು ನಾನು ಶಸ್ತ್ರಕ್ರಿಯೆಯ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದೆ. ಅದೇ ಮಾತು ಅಂದಿನಿಂದ ಎದೆಯನ್ನು ಕೊರೆಯತೊಡಗಿತು.

ಶಸ್ತ್ರಕ್ರಿಯೆಯ ಮುಂಜಾನೆ ನರ್ಸಮ್ಮ ಕತ್ತರಿ ಹಿಡಿದು ಬಂದಳು. ನಮ್ಮಲ್ಲಿ ಉಡುದಾರವನ್ನು ಹರಿಯುವುದು ಹೆಣಕ್ಕೆ ಸ್ನಾನ ಮಾಡಿಸುವಾಗ ಮಾತ್ರ. ಸತ್ತವನಿಗೆ ದಾರವಿದ್ದರೇನು, ಹೋದರೇನು ಎಂದು ಜೀವಮಾನವಿಡೀ ಗೇಲಿ ಮಾಡಿದ ನಾನು ಎರಡೂ ಕೈಗಳಿಂದ ಸೊಂಟವನ್ನು ಮುಚ್ಚಿಕೊಂಡೆ.

"ದೇವ್ರನ್ನ ನಂಬಲಿಲ್ಲ, ಡಾಕ್ಟರನ್ನ ನಂಬಲಿಲ್ಲ, ಈಗ ಒಂದು ದಾರಕ್ಕ ಅಂಜಿ ಕುಂತೀರೇನ್ರಿ?" ಎನ್ನುತ್ತಲೇ ನನ್ನಾಕೆ ಕತ್ತರಿಯನ್ನು ಅತ್ತ ಸರಿಸಿ, ಆ ಬಿಗಿದ ಗಂಟನ್ನು ಉಗುರಿನಿಂದ ಬಿಚ್ಚಿದಳು. ಬಿಚ್ಚಿದ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಗಡ್ಡೆ ಇಡಿಯಾಗಿ ಬಂತು, ಮೂತ್ರಪಿಂಡ ಉಳಿಯಿತು. ತಪಾಸಣೆಯ ವರದಿಗೆ ಕಾದ ದಿನಗಳಲ್ಲಿ ಹೊಲಿಗೆಯ ನೋವೇ ಲೇಸೆನಿಸಿತು. ಕ್ಯಾನ್ಸರ್ ಅಲ್ಲವೆಂದು ಕಡೆಗೆ ಬಂದ ಆ ಇಂಗ್ಲಿಷ್ ಹಾಳೆಯನ್ನು ನಿಘಂಟು ಹಿಡಿದು ಮೂರು ಸಲ ಓದಿದೆ. ಮರಳಿ ಬೆಳೆಯಬಹುದು, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕು ಎಂದರು ವೈದ್ಯರು.

ಅದೇ ಹಳೆಯ ದಾರವನ್ನು ನನ್ನಾಕೆ ಮತ್ತೆ ಕಟ್ಟಿದಳು. ಗೇಣುದ್ದ ಮಿಕ್ಕು ಜೋತುಬಿದ್ದ ತುದಿಯನ್ನು ಕತ್ತರಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ದಿನಾಲು ಮುಂಜಾನೆ ಎದ್ದೊಡನೆ ದಾರದಡಿ ಎರಡು ಬೆರಳು ತೂರಿಸಿ ನೋಡುತ್ತೇನೆ. ಸಲೀಸಾಗಿ ಹೋಗುತ್ತವೆ. ಆದರೂ, ಉಸಿರು ಬಿಟ್ಟು, ಇನ್ನೊಮ್ಮೆ ತೂರಿಸಿ ನೋಡುತ್ತೇನೆ.