ಹಣಿಗೆಯಲ್ಲಿ ಉಳಿಸಿದ ನೂಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಸೀರೆ ನೇಯುವವರು ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದುದ್ದ ಬಿಗಿದ ಎಳೆಗಳನ್ನು, ಪೂರ್ತಿ ಕತ್ತರಿಸುವುದಿಲ್ಲ. ಸೀರೆ ಮುಗಿದ ಮೇಲೂ ಆ ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ನೂಲು ಬಿಡಬೇಕು; ಮುಂದಿನ ಹಾಸಿನ ಎಳೆಗಳನ್ನು ಅದಕ್ಕೇ ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸುತ್ತೇವೆ. ಹಣಿಗೆ ಬರಿದಾಯಿತೆಂದರೆ ಆ ಮನೆಯವರು ಕೆಲಸ ಬಿಟ್ಟರು ಅಂತಲೇ ಲೆಕ್ಕ.

ನೂಲು, ಹಣಿಗೆ ಎರಡೂ ತಾವೇ ಕೊಟ್ಟು ನೇಯಿಸುತ್ತಿದ್ದ ಸಾಹುಕಾರರು ಕೊನೆಯ ಸೀರೆ ಒಯ್ಯುವಾಗ, “ಸದ್ಯಕ್ಕ ಹಾಸು ಇಲ್ಲವ್ವಾ, ಹೇಳಿ ಕಳಸತೇನಿ” ಅಂದರು. ನಂಬಿದೆ. ಗೇಣುದ್ದ ಬಿಡುವಲ್ಲಿ ಮೊಳದುದ್ದ ನೂಲು ಬಿಟ್ಟೆ, ಆಸೆಬುರುಕಿ.

ಗಂಡ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಮಗ್ಗ, ಇಬ್ಬರೇ. ಮಗ್ಗ ನಿಂತ ಮೇಲೆ ನಾನೊಬ್ಬಳೇ. ದಿನಾ ಬೆಳಿಗ್ಗೆ ಆ ನೂಲಿನ ದೂಳು ಝಾಡಿಸಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ರೊಟ್ಟಿ ತಿನ್ನುತ್ತಿದ್ದೆ. ಬೇರೆಲ್ಲಿ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ಪಕ್ಕದ ಮನೆಯವಳು, “ಅದಕ್ಕ ಜಡಿ ಹಾಕಿ ಹೂ ಮುಡಸಕ್ಕಾ” ಎಂದು ನಗುತ್ತಿದ್ದಳು. ಅವಳೂ ಒಂದು ದಿನ ಬೀಗ ಹಾಕಿ ಗೋವಾಕ್ಕೆ ದುಡಿಯಲು ಹೋದಳು. ಚಾಷ್ಟಿ ಮಾಡುವವರೂ ಇಲ್ಲದಂತಾಯಿತು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ನನ್ನ ಹತ್ತಿರ ಕುಡಿಕೆಯೂ ಇರಲಿಲ್ಲ. ಬಸ್ಸು ಹತ್ತಿ ಶಿರಹಟ್ಟಿ, ಲಕ್ಷ್ಮೇಶ್ವರದ ಬಟ್ಟೆ ಅಂಗಡಿಗಳಿಗೆ ಹೋಗಿ, ಕೈಮಗ್ಗದ ಸೀರೆ ನೇಯ್ದು ಕೊಡಲೇ ಎಂದು ಕೇಳಿದೆ. ಲಕ್ಷ್ಮೇಶ್ವರದ ಮುದುಕ ವ್ಯಾಪಾರಿಯೊಬ್ಬರು ಕುಳ್ಳಿರಿಸಿ, ಚಹಾ ತರಿಸಿ, “ಈಗ ಮಷೀನಿನ ಸೀರೀನ ಹೋಗತಾವ್ರಿ. ಸುಳ್ಳ ಹೇಳಿ ನಿಮ್ಮನ್ನ ಮತ್ತ ಯಾಕ ಓಡ್ಯಾಡಸಲಿ” ಅಂದರು. ಆ ಚಹಾ ಕುಡಿಯುವಾಗ ನನಗೆ ಅಳು ಬಂತು.

ಮಳೆಗಾಲ ಕಳೆದ ಮೇಲೆ ಸಾಹುಕಾರರು ಬಂದರು. ಓಡಿ ಹೋಗಿ ಚಾಪೆ ಹಾಸಿದೆ. ಅವರು ಕೂರಲಿಲ್ಲ.

“ಹಣಗಿ ನಂದೈತಲ್ಲವ್ವಾ, ಒಯ್ಯಾಕ ಬಂದೇನಿ.”

ಅಷ್ಟುದ್ದ ನೂಲು ನೋಡಿ ಅದನ್ನು ಕತ್ತರಿಸಲು ಅವರಿಗೇ ಕೈ ಬರಲಿಲ್ಲ. ಕತ್ತರಿ ತಂದು ನಾನೇ ಕತ್ತರಿಸಿದೆ. ಸಿಟ್ಟು ಅವರ ಮೇಲಲ್ಲ, ಮೊಳದುದ್ದ ಬಿಟ್ಟ ನನ್ನ ಮೇಲೆ.

ಈಗ ಗದಗಿನ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತೇನೆ. ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಮೊದಲ ದಿನ, ಮುಂಡರಗಿ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೂತು, “ಇಷ್ಟ ದಿನಾ ಏನ ಮಾಡತಿದ್ರಿ ಅಕ್ಕಾರ?” ಎಂದು ಕೇಳಿದಳು.

ಮೂವತ್ತು ವರ್ಷ ನೇಯ್ದವಳು ನಾನು. ಹೇಳಿದ್ದರೆ ನಂಬುತ್ತಿದ್ದಳು. ಕೊಳೆತ ಗಡ್ಡೆಯೊಂದನ್ನು ಆರಿಸಿ ಬದಿಗೆ ಹಾಕಿದೆ.

“ಏನಿಲ್ಲವ್ವಾ,” ಅಂದೆ. “ಮನ್ಯಾಗ ಇದ್ದೆ.”