ಅಶ್ವತ್ಥಪ್ಪನವರ ಸೀಸದ ಪೈಪು

ರಾಬರ್ಟ್‌ಸನ್‌ಪೇಟೆಯ ವಠಾರದ ಯಜಮಾನ ಅಶ್ವತ್ಥಪ್ಪನವರಿಗೆ ಕಟ್ಟಿಕೊಂಡ ಹೆಂಡತಿಗಿಂತ ತಮ್ಮ ನಲ್ಲಿಯ ಸೀಸದ ಪೈಪಿನ ಮೇಲೆ ಹೆಚ್ಚು ಅಕ್ಕರೆ. "ದೊರೆಗಳ ಕಾಲದ್ದು, ತುಕ್ಕೇ ಇಡಿಯಲ್ಲ" ಎಂದು ಬಂದವರಿಗೆಲ್ಲ ತಟ್ಟಿ ತೋರಿಸುತ್ತಾರೆ. ಅವರ ಮಡಿಯೋ ಬೀದಿಗೆಲ್ಲ ಗೊತ್ತು: ಬಿಂದಿಗೆಯಲ್ಲಿ ರಾತ್ರಿ ಉಳಿದದ್ದು ತಂಗಳು ನೀರೆಂದು ಬೆಳಿಗ್ಗೆ ಚೆಲ್ಲಿಸುತ್ತಾರೆ, ಪೈಪಿನಲ್ಲಿ ರಾತ್ರಿಯೆಲ್ಲ ನಿಂತದ್ದು ಮಾತ್ರ ಗಂಗೆ! ಬಾಡಿಗೆ ಮನೆಯ ಮುನಿರತ್ನಮ್ಮ ಕೂಸಿನ ಹಾಲಿಗೆ ಬೆರೆಸುವ ಮುಂಚೆ ಆ ಮೊದಲ ನೀರನ್ನು ಹರಿಯಬಿಟ್ಟರೆ ಸಾಕು, ಜಗಲಿಯಿಂದಲೇ ಗುಡುಗುತ್ತಾರೆ: "ಬೇತಮಂಗಲದ ಕೆರೆಯಿಂದ ಬರೋ ನೀರನ್ನ ಚರಂಡಿಗೆ ಬಿಡ್ತೀಯೇನಮ್ಮಾ?" "ಸೀಸ ನೀರಿಗಿಳೀತದಂತೆ, ಕೂಸುಗಳಿಗೆ ವಿಷವಂತೆ, ಡಾಕ್ಟ್ರು ಏಳವ್ರೆ" ಎಂದು ಅವಳು ಅಂದರೆ, "ಉಟ್ದಾಗಿಂದ ಇದ್ನೇ ಕುಡೀತಿವ್ನಿ, ಸತ್ತೋದ್ನಾ?" ಎಂದು ಇಳಿದು ಬಂದು ನಲ್ಲಿ ತಿರುಪಿ ನಿಲ್ಲಿಸಿಬಿಡುತ್ತಾರೆ. ಅವಳು ಹಲ್ಲು ಕಚ್ಚಿಕೊಂಡು ಕೊಡ ಎತ್ತುತ್ತಾಳೆ. ಈ ಬೇಸಿಗೆಯಲ್ಲಿ ಯಜಮಾನರ ಮಗಳು ಬಾಣಂತನಕ್ಕೆ ಬಂದಳು. ಅಂದಿನಿಂದ ಮೊಮ್ಮಗನಿಗೆಂದು ಅವರೇ ಹೆಗಲ ಮೇಲೆ ಕೊಡ ಹೊತ್ತು, ಹಿಂದಿನ ಬೀದಿಯ ಬಾವಿಯಿಂದ ನೀರು ತರತೊಡಗಿದರು. ಅದನ್ನು ಕಂಡ ಮುನಿರತ್ನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಕೊಡ ಹೊತ್ತು ಬರುತ್ತಿದ್ದವರ ದಾರಿಗೆ ಅಡ್ಡ ನಿಂತಳು. "ನಿಲ್ಲಿಸಲ್ಲ ಯಜಮಾನ್ರೇ. ನಿಮ್ಮ ಮೊಮ್ಮಗನಿಗೆ ಬ್ಯಾಡದ ನೀರು ಚರಂಡಿಗೇ ಓಗ್ಲಿ."